ಪ್ರೆಸೆಂಟ್ ಪರ್ಫೆಕ್ಟ್ ಕಲಿಸುವ ಬಗೆ: ವಿಜಯಪುರದ ಒಂದು ಸಂಜೆ ಇಂಗ್ಲಿಷ್ ತರಗತಿಯ ವಿಮರ್ಶೆ

ಇಂಗ್ಲಿಷ್ ವ್ಯಾಕರಣದ ತರಗತಿಯೊಂದರ ಯೋಗ್ಯತೆಯನ್ನು ಅಳೆಯಬೇಕಾದರೆ ಅಲ್ಲಿ ಪ್ರೆಸೆಂಟ್ ಪರ್ಫೆಕ್ಟ್ ಕಾಲವನ್ನು ಹೇಗೆ ಕಲಿಸುತ್ತಾರೆ ಎಂಬುದನ್ನು ನೋಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಸಿಂಪಲ್ ಪ್ರೆಸೆಂಟ್, ಸಿಂಪಲ್ ಪಾಸ್ಟ್, ಫ್ಯೂಚರ್ ಇವುಗಳನ್ನು ಯಾರು ಕಲಿಸಿದರೂ ಹೆಚ್ಚುಕಡಿಮೆ ತಲೆಗೆ ಹತ್ತುತ್ತವೆ. ಆದರೆ ‘ಹ್ಯಾವ್’ ಮತ್ತು ‘ಹ್ಯಾಸ್’ ಸೇರಿಸಿ ಹೇಳುವ ಈ ಕಾಲದ ವಿಷಯದಲ್ಲಿ, ಸೂತ್ರ ಬಾಯಿಪಾಠವಾಗಿರುವವರೂ ಒಂದು ವಾಕ್ಯ ಆಡಬೇಕಾದಾಗ ತಡವರಿಸುತ್ತಾರೆ. ವಿಜಯಪುರದ ಸ್ಟೇಷನ್ ರಸ್ತೆಯ ಆಸುಪಾಸಿನಲ್ಲಿ ನಡೆಯುವ ಒಂದು ಸಂಜೆ ತರಗತಿಗೆ ನಾನು ಈ ವರ್ಷ ಸೇರಿದ್ದೆ. ಅಲ್ಲಿ ಹನ್ನೆರಡೂ ಕಾಲಗಳ ಪಾಠ ನಡೆಯುತ್ತದೆಯಾದರೂ ಈ ವಿಮರ್ಶೆಯನ್ನು ಪ್ರೆಸೆಂಟ್ ಪರ್ಫೆಕ್ಟ್ ಪಾಠಕ್ಕಷ್ಟೇ ಸೀಮಿತಗೊಳಿಸಿದ್ದೇನೆ. ತರಗತಿಯಲ್ಲಿ ನನಗೆ ಕಂಡ ಕೊರತೆಗಳನ್ನೂ ಬರೆಯುವುದರಿಂದ ಹೆಸರನ್ನು ಬಿಟ್ಟಿದ್ದೇನೆ. ಓದುಗರು ತಮ್ಮ ಊರಿನ ಯಾವುದೇ ತರಗತಿಯನ್ನು ಪರೀಕ್ಷಿಸುವುದಕ್ಕೆ ಇಲ್ಲಿರುವ ವಿವರಗಳು ಸಾಕಾಗುತ್ತವೆ.

ವಿಜಯಪುರ ಈಗ ಕೋಚಿಂಗ್ ಊರು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಿಂದ ಬಂದ ಹುಡುಗರು ಮತ್ತು ಹೆಣ್ಣುಮಕ್ಕಳು ರೂಮು ಹಿಡಿದು ಎಫ್‌ಡಿಎ, ಪಿಎಸ್‌ಐ, ಬ್ಯಾಂಕ್ ಪರೀಕ್ಷೆಗಳಿಗೆ ಓದುತ್ತಾರೆ. ಬಹುಪಾಲು ತರಗತಿಗಳಲ್ಲಿ ಇಂಗ್ಲಿಷ್ ವ್ಯಾಕರಣವೆಂದರೆ ಗೋಡೆಗೆ ಅಂಟಿಸಿದ ಒಂದು ಚಾರ್ಟು. ಮೂರು ಸಾಲು, ನಾಲ್ಕು ಕಂಬ, ಹನ್ನೆರಡು ಕೋಣೆ. ಪ್ರತಿ ಕೋಣೆಯಲ್ಲಿ ಒಂದು ಸೂತ್ರ, ಒಂದು ಉದಾಹರಣೆ. ಪ್ರೆಸೆಂಟ್ ಪರ್ಫೆಕ್ಟ್ ಕೋಣೆಯಲ್ಲಿ ‘ಹ್ಯಾವ್ ಅಥವಾ ಹ್ಯಾಸ್, ಮುಂದೆ ವಿ ಥ್ರೀ’ (ಅಂದರೆ ಕ್ರಿಯಾಪದದ ಮೂರನೆಯ ರೂಪ) ಎಂದೂ ಅದರ ಕೆಳಗೆ ‘ಕೆಲಸ ಈಗಷ್ಟೇ ಮುಗಿದಿದೆ’ ಎಂದೂ ಬರೆದಿರುತ್ತಾರೆ. ಈ ವಿವರಣೆ ಅರ್ಧ ನಿಜ, ಮತ್ತು ಅರ್ಧ ನಿಜವಾಗಿರುವುದರಿಂದಲೇ ಹೆಚ್ಚು ತೊಂದರೆ ಕೊಡುತ್ತದೆ. ‘ಐ ಹ್ಯಾವ್ ನೋನ್ ಹಿಮ್ ಫಾರ್ ಟೆನ್ ಇಯರ್ಸ್’ ಎಂಬ ವಾಕ್ಯದಲ್ಲಿ ಏನೂ ಈಗಷ್ಟೇ ಮುಗಿದಿಲ್ಲ. ಹತ್ತು ವರ್ಷದ ಹಿಂದೆ ಆರಂಭವಾದ ಪರಿಚಯ ಇಂದಿಗೂ ಇದೆ. ‘ಐ ಹ್ಯಾವ್ ಬೀನ್ ಟು ಸೊಲ್ಲಾಪುರ್’ ಎಂದವನು ಅಲ್ಲಿಗೆ ಹೋಗಿ ಇಪ್ಪತ್ತು ವರ್ಷವಾಗಿದ್ದರೂ ವಾಕ್ಯ ಸರಿಯೇ. ಚಾರ್ಟನ್ನು ನಂಬಿದ ವಿದ್ಯಾರ್ಥಿಗೆ ಈ ಎರಡೂ ವಾಕ್ಯಗಳು ಒಗಟಾಗಿ ಉಳಿಯುತ್ತವೆ.

ನಾನು ಸೇರಿದ ತರಗತಿಯಲ್ಲಿ ಚಾರ್ಟು ಇಲ್ಲ. ಈ ಪಾಠದ ಮೊದಲನೆಯ ದಿನ ಶಿಕ್ಷಕರು ಬೋರ್ಡಿನ ಮೇಲೆ ಅಡ್ಡಲಾಗಿ ಒಂದು ಉದ್ದ ಗೆರೆ ಎಳೆದು, ಬಲತುದಿಯಲ್ಲಿ ‘ಈಗ’ ಎಂದು ಕನ್ನಡದಲ್ಲಿಯೇ ಬರೆದರು. ಆಮೇಲೆ ಪ್ರತಿಯೊಬ್ಬರಿಂದ ಒಂದೊಂದು ಇಂಗ್ಲಿಷ್ ವಾಕ್ಯ ಹೇಳಿಸಿ, ಆ ವಾಕ್ಯದಲ್ಲಿರುವ ಸಂಗತಿ ಗೆರೆಯ ಮೇಲೆ ಎಲ್ಲಿ ಕೂಡುತ್ತದೆ ಎಂದು ಕೇಳಿದರು. ತಿಕೋಟಾ ಕಡೆಯಿಂದ ಬರುವ ಒಬ್ಬ ದ್ರಾಕ್ಷಿ ಬೆಳೆಗಾರ ಯುವಕ ಎದ್ದು ನಿಂತು, ‘ಐ ಹ್ಯಾವ್ ಸೋಲ್ಡ್ ಮೈ ಗ್ರೇಪ್ಸ್ ಲಾಸ್ಟ್ ಮಂತ್’ ಎಂದ. ಶಿಕ್ಷಕರು ಅದನ್ನು ಹಾಗೆಯೇ ಬೋರ್ಡಿನ ಮೇಲೆ ಬರೆದು, ಕೊನೆಯ ಎರಡು ಪದಗಳ ಕೆಳಗೆ ಗೆರೆ ಎಳೆದು, ‘ಯಾವಾಗ ಮಾರಿದಿ ಅಂತ ನೀನ ಹೇಳಿಬಿಟ್ಟಿ ತಮ್ಮಾ, ಅದು ಹೋದ ತಿಂಗಳದಾಗ ಹೋಗಿ ಕುಂತತು. ಇನ್ನ ಅದರ ಮುಂದ ಹ್ಯಾವ್ ಹಚ್ಚಿದರ ನಿಂದ್ರಾಂಗಿಲ್ಲ’ ಎಂದರು. ಆ ಎರಡು ಪದಗಳನ್ನು ಅಳಿಸಿ ಓದಿಸಿದಾಗ ವಾಕ್ಯ ಸರಿಯಾಯಿತು. ‘ಹ್ಯಾವ್’ ಅಳಿಸಿ, ಆ ಎರಡು ಪದಗಳನ್ನು ಮತ್ತೆ ಬರೆದು ಓದಿಸಿದಾಗಲೂ ಸರಿಯಾಯಿತು. ಎರಡೂ ಸರಿ ಇದ್ದರೆ ಬೇಧವೇನು ಎಂದು ಇನ್ನೊಬ್ಬರು ಕೇಳಿದರು. ‘ಐ ಹ್ಯಾವ್ ಸೋಲ್ಡ್ ಮೈ ಗ್ರೇಪ್ಸ್’ ಎಂದರೆ ಈಗ ನನ್ನ ಹತ್ತಿರ ಮಾಲು ಇಲ್ಲ, ಕೇಳಲು ಬರಬೇಡಿ ಎಂಬುದು ಮುಖ್ಯ ಮಾತು; ‘ಐ ಸೋಲ್ಡ್ ಮೈ ಗ್ರೇಪ್ಸ್ ಲಾಸ್ಟ್ ಮಂತ್’ ಎಂದರೆ ಹೋದ ತಿಂಗಳು ನಡೆದ ಒಂದು ವ್ಯವಹಾರದ ಸುದ್ದಿ. ಇಷ್ಟನ್ನು ಹೇಳಿ, ‘ವಾಕ್ಯ ಈಗಿನ ಬಗ್ಗೆ ಏನು ಹೇಳುತ್ತದೆ’ ಎಂಬ ಒಂದೇ ಪ್ರಶ್ನೆಯನ್ನು ಎಲ್ಲರ ನೋಟ್‌ಬುಕ್‌ನಲ್ಲಿ ಬರೆಸಿದರು. ಸೂತ್ರ ಬೋರ್ಡಿನ ಮೇಲೆ ಬಂದದ್ದು ಮರುದಿನ.

ಈ ಕ್ರಮದ ಬಲ ಇರುವುದು ಇಲ್ಲಿಯೇ. ಪ್ರೆಸೆಂಟ್ ಪರ್ಫೆಕ್ಟ್ ಹೆಸರಿಗೆ ತಕ್ಕಂತೆ ವರ್ತಮಾನಕ್ಕೆ ಸೇರಿದ ಕಾಲ. ನಡೆದದ್ದು ಹಿಂದೆಯಾದರೂ ಮಾತು ಈಗಿನದು. ಒಂದು ಕೆಲಸದ ಫಲ ಈಗ ಕಣ್ಣ ಮುಂದೆ ಇರುವಾಗ, ಜೀವನದಲ್ಲಿ ಇದುವರೆಗಿನ ಅನುಭವವನ್ನು ಹೇಳುವಾಗ, ಹಿಂದೆ ಆರಂಭವಾದ ಸ್ಥಿತಿ ಇನ್ನೂ ಮುಂದುವರಿದಿರುವಾಗ ಹೀಗೆ ಇದರ ಮೂರು ಮುಖ್ಯ ಬಳಕೆಗಳೂ ಆ ಒಂದು ಪ್ರಶ್ನೆಯ ಅಡಿಯಲ್ಲಿ ಬರುತ್ತವೆ. ಬೇರೆ ಕಡೆ ಈ ಮೂರನ್ನು ಮೂರು ಪ್ರತ್ಯೇಕ ನಿಯಮಗಳೆಂದು ಕಲಿಸುವುದರಿಂದ ಪರೀಕ್ಷೆಯಲ್ಲಿ ಯಾವ ನಿಯಮ ಹಚ್ಚಬೇಕು ಎಂಬ ಹೊಸ ಗೊಂದಲ ಹುಟ್ಟುತ್ತದೆ.

ತರಗತಿಯ ಅತ್ಯುತ್ತಮ ಭಾಗವೆಂದು ನಾನು ಹೇಳುವುದು ನಮ್ಮ ಆಡುಮಾತನ್ನು ಬಳಸಿಕೊಂಡ ರೀತಿಯನ್ನು. ನಮ್ಮ ಭಾಗದ ಮಾತಿನಲ್ಲಿ ‘ಹೋದ’ ಮತ್ತು ‘ಹೋಗ್ಯಾನ’ ಎರಡೂ ಇವೆ, ಮತ್ತು ಯಾರೂ ಒಂದನ್ನು ಆಡುವ ಕಡೆ ಇನ್ನೊಂದನ್ನು ಆಡುವುದಿಲ್ಲ. ಮನೆಗೆ ಬಂದವರು ಯಜಮಾನರನ್ನು ಕೇಳಿದರೆ ‘ಹೊಲಕ್ಕ ಹೋಗ್ಯಾರ’ ಎನ್ನುತ್ತೇವೆ, ಏಕೆಂದರೆ ಅವರು ಈಗ ಮನೆಯಲ್ಲಿಲ್ಲ ಎಂಬುದೇ ಉತ್ತರ. ಶಿಕ್ಷಕರು ಇದನ್ನೇ ಮೆಟ್ಟಿಲು ಮಾಡಿಕೊಂಡು ‘ಹೀ ಹ್ಯಾಸ್ ಗಾನ್’ ಕಲಿಸಿದರು. ಅದಕ್ಕಿಂತ ಮುಖ್ಯವಾಗಿ, ವರ್ಷಗಟ್ಟಲೆ ಇಂಗ್ಲಿಷ್ ಓದಿದವರೂ ತಪ್ಪುವ ‘ಗಾನ್’ ಮತ್ತು ‘ಬೀನ್’ ಬೇಧವನ್ನು ಅವರು ಬಹಳ ಹೊತ್ತು ಹಿಡಿಯದೆ ಬಗೆಹರಿಸಿದರು. ‘ಸೊಲ್ಲಾಪುರಕ್ಕ ಹೋಗ್ಯಾನ’ ಎಂಬಲ್ಲಿ ‘ಹ್ಯಾಸ್ ಗಾನ್ ಟು’. ‘ಸೊಲ್ಲಾಪುರಕ್ಕ ಹೋಗಿ ಬಂದಾನ’ ಎಂಬಲ್ಲಿ ‘ಹ್ಯಾಸ್ ಬೀನ್ ಟು’. ಮೊದಲನೆಯವನು ಇನ್ನೂ ಅಲ್ಲಿಯೇ ಇದ್ದಾನೆ ಅಥವಾ ದಾರಿಯಲ್ಲಿದ್ದಾನೆ, ಎರಡನೆಯವನು ತಿರುಗಿ ಊರಿಗೆ ಬಂದಿದ್ದಾನೆ. ಈ ಎರಡು ಸಾಲು ಕೇಳಿದ ಮೇಲೆ ತರಗತಿಯಲ್ಲಿ ಆ ತಪ್ಪು ಮಾಡಿದವರನ್ನು ನಾನು ಕಾಣಲಿಲ್ಲ. ಮಾತೃಭಾಷೆಯನ್ನು ಬಾಗಿಲ ಹೊರಗೆ ಬಿಟ್ಟು ಬನ್ನಿ ಎಂದು ಬೋರ್ಡು ಹಾಕುವ ಸ್ಪೋಕನ್ ಇಂಗ್ಲಿಷ್ ತರಗತಿಗಳಲ್ಲಿ ಇದು ಸಾಧ್ಯವಿಲ್ಲ.

ಆದರೆ ಕನ್ನಡ ಎಲ್ಲಿಯವರೆಗೆ ಕೈಹಿಡಿಯುತ್ತದೆ, ಎಲ್ಲಿಂದ ದಾರಿ ತಪ್ಪಿಸುತ್ತದೆ ಎಂಬುದನ್ನು ಹೇಳದಿದ್ದರೆ ಈ ಪದ್ಧತಿಯೇ ಅಪಾಯಕಾರಿ. ಶಿಕ್ಷಕರು ಅದನ್ನೂ ಹೇಳಿದರು ಎಂಬುದಕ್ಕಾಗಿ ಅವರನ್ನು ವಿಶೇಷವಾಗಿ ಮೆಚ್ಚುತ್ತೇನೆ. ಕನ್ನಡದಲ್ಲಿ ‘ನಿನ್ನೆ ಬಂದಿದ್ದಾನೆ’ ಎನ್ನಬಹುದು. ‘ಹೋದ ವರ್ಷ ಮನೆ ಕಟ್ಟಿಸಿದ್ದೇವೆ’ ಎನ್ನಬಹುದು. ನಿರ್ದಿಷ್ಟ ಕಾಲ ಹೇಳಿದ ಮೇಲೂ ‘ಇದ್ದಾನೆ’, ‘ಇದ್ದೇವೆ’ ಕೂಡಿಸುವುದಕ್ಕೆ ನಮ್ಮಲ್ಲಿ ಅಡ್ಡಿಯಿಲ್ಲ. ಇಂಗ್ಲಿಷ್ ಇದನ್ನು ಒಪ್ಪುವುದಿಲ್ಲ. ‘ಯೆಸ್ಟರ್‌ಡೇ’, ‘ಲಾಸ್ಟ್ ಇಯರ್’, ‘ಟೂ ಡೇಸ್ ಅಗೋ’, ‘ಇನ್ 2014’, ‘ವೆನ್ ಐ ವಾಸ್ ಇನ್ ಕಾಲೇಜ್’ ಇಂಥ ಮುಗಿದ ಕಾಲವನ್ನು ಸೂಚಿಸುವ ಯಾವ ಪದ ಬಂದರೂ ಅಲ್ಲಿ ಸಿಂಪಲ್ ಪಾಸ್ಟ್ ಮಾತ್ರ. ‘ವೆನ್’ ಎಂದು ಆರಂಭವಾಗುವ ಪ್ರಶ್ನೆಗೂ ಇದೇ ನಿಯಮ: ‘ವೆನ್ ಹ್ಯಾವ್ ಯೂ ಕಮ್’ ತಪ್ಪು, ‘ವೆನ್ ಡಿಡ್ ಯೂ ಕಮ್’ ಸರಿ. ನಮ್ಮವರ ಇಂಗ್ಲಿಷಿನಲ್ಲಿ ಈ ತಪ್ಪು ಇಷ್ಟು ವ್ಯಾಪಕವಾಗಿರುವುದಕ್ಕೆ ಕಾರಣ ನಿಯಮ ಗೊತ್ತಿಲ್ಲದಿರುವುದು ಎಂದು ಎಲ್ಲರೂ ತಿಳಿಯುತ್ತಾರೆ. ಕನ್ನಡದ ಸಹಜ ವಾಕ್ಯವೇ ಆ ಕಡೆಗೆ ಎಳೆಯುತ್ತದೆ ಎಂಬುದನ್ನು ತೋರಿಸಿಕೊಡುವವರು ಕಡಿಮೆ.

ಇದಕ್ಕೆ ಕೊಟ್ಟ ಅಭ್ಯಾಸ ಊರಿನದೇ ಆಗಿತ್ತು. ಗೋಲಗುಮ್ಮಟದ ಬಗ್ಗೆ ನಾಲ್ಕು ವಾಕ್ಯ ಬರೆಯಿರಿ ಎಂದರು. ಬಹಳ ಜನ ‘ಮೊಹಮ್ಮದ್ ಆದಿಲ್ ಶಾಹ ಹ್ಯಾಸ್ ಬಿಲ್ಟ್ ಗೋಲಗುಮ್ಮಟ’ ಎಂದೇ ಆರಂಭಿಸಿದರು. ‘ಈ ಗುಮ್ಮಟವನ್ನು ಆದಿಲ್‌ಶಾಹ ಕಟ್ಟಿಸಿದ್ದಾನೆ’ ಎಂಬುದು ಕನ್ನಡದಲ್ಲಿ ದೋಷವಿಲ್ಲದ ವಾಕ್ಯವಾದ್ದರಿಂದ ಹಾಗೆ ಬರೆಯುವುದು ಸಹಜ. ಆದರೆ 1656ರಲ್ಲಿ ತೀರಿಕೊಂಡ ಸುಲ್ತಾನನ ಕೆಲಸವನ್ನು ಇಂಗ್ಲಿಷ್ ‘ಬಿಲ್ಟ್’ ಎಂದಷ್ಟೇ ಹೇಳುತ್ತದೆ. ಮಾಡಿದವನೂ ಇಲ್ಲ, ಮಾಡಿದ ಕಾಲವೂ ಮುಗಿದಿದೆ. ಅದೇ ಗುಮ್ಮಟವನ್ನು ಕರ್ತೃಸ್ಥಾನದಲ್ಲಿ ಇಟ್ಟು ನೋಡಿದರೆ ಚಿತ್ರ ಬದಲಾಗುತ್ತದೆ: ‘ಗೋಲಗುಮ್ಮಟ ಹ್ಯಾಸ್ ಸ್ಟುಡ್ ಹಿಯರ್ ಸಿನ್ಸ್ 1656’. ಅದು ಇಂದಿಗೂ ನಿಂತಿದೆ, ಆದ್ದರಿಂದ ‘ಹ್ಯಾಸ್’ ಬರಲೇಬೇಕು. ಇದೇ ರೀತಿ ಬಿಜಾಪುರ ಎಂಬ ಹೆಸರು ವಿಜಯಪುರವಾದದ್ದು 2014ರ ನವೆಂಬರ್ 1ರಂದು. ದಿನಾಂಕ ಸಹಿತ ಹೇಳಿದರೆ ‘ಬಿಕೇಮ್’, ‘ಸಿನ್ಸ್ 2014’ ಎಂದು ಇಂದಿನವರೆಗೆ ಎಳೆದರೆ ‘ಹ್ಯಾಸ್ ಬೀನ್ ವಿಜಯಪುರ’. ಪಠ್ಯಗಳಲ್ಲಿ ಬರುವ ಲಂಡನ್, ಪ್ಯಾರಿಸ್ ಪ್ರವಾಸದ ಉದಾಹರಣೆಗಳಿಗಿಂತ ಇವು ಎಷ್ಟೋ ಹೆಚ್ಚು ನೆನಪಿನಲ್ಲಿ ಉಳಿಯುತ್ತವೆ. ‘ದಿಸ್ ಈಸ್ ದಿ ಬಿಗ್ಗೆಸ್ಟ್ ಡೋಮ್ ಐ ಹ್ಯಾವ್ ಎವರ್ ಸೀನ್’ ಎಂಬ ವಾಕ್ಯವನ್ನೂ, ‘ದಿಸ್ ಈಸ್ ದಿ ಫಸ್ಟ್ ಟೈಮ್ ಐ ಹ್ಯಾವ್ ಸೀನ್ ಇಟ್’ ಎಂಬುದನ್ನೂ ಜೊತೆಯಲ್ಲಿಯೇ ಮುಗಿಸಿದರು. ಎರಡನೆಯದನ್ನು ನಾವು ‘ಐ ಆಮ್ ಸೀಯಿಂಗ್’ ಎಂದು ಹೇಳುವುದು ‘ಇದೇ ಮೊದಲ ಸಲ ನೋಡುತ್ತಿದ್ದೇನೆ’ ಎಂಬ ನಮ್ಮ ವಾಕ್ಯದ ನೆರಳಿನಲ್ಲಿ.

‘ಸಿನ್ಸ್’ ಮತ್ತು ‘ಫಾರ್’ ಪಾಠಕ್ಕೆ ಒಂದು ಪೂರ್ತಿ ಸಂಜೆ ಕೊಟ್ಟರು, ಮತ್ತು ಅಷ್ಟು ಸಮಯಕ್ಕೆ ಅದು ಅರ್ಹವಾಗಿತ್ತು. ಕನ್ನಡದಲ್ಲಿ ‘2015ರಿಂದ’ ಎಂಬಲ್ಲಿಯೂ ‘ಹತ್ತು ವರ್ಷದಿಂದ’ ಎಂಬಲ್ಲಿಯೂ ಒಂದೇ ‘ಇಂದ’ ಪ್ರತ್ಯಯ ಬರುತ್ತದೆ. ಇಂಗ್ಲಿಷ್ ಆರಂಭದ ಬಿಂದುವಿಗೆ ‘ಸಿನ್ಸ್’ ಎಂದೂ, ಕಳೆದ ಅವಧಿಗೆ ‘ಫಾರ್’ ಎಂದೂ ಬೇರೆ ಬೇರೆ ಪದ ಬಳಸುತ್ತದೆ. ನಮಗೆ ಒಂದೇ ಪ್ರತ್ಯಯ ರೂಢಿಯಾಗಿರುವುದರಿಂದ ‘ಸಿನ್ಸ್ ಟೆನ್ ಇಯರ್ಸ್’ ಎಂಬುದು ಬ್ಯಾಂಕು, ಶಾಲೆ, ಕಚೇರಿ ಎಲ್ಲ ಕಡೆ ಕೇಳಿಬರುತ್ತದೆ. ಅದರ ಜೊತೆಗೇ ಇನ್ನೊಂದು ತಪ್ಪು ಬರುತ್ತದೆ: ‘ಐ ಆಮ್ ವರ್ಕಿಂಗ್ ಹಿಯರ್ ಸಿನ್ಸ್ 2015’. ‘2015ರಿಂದ ಇಲ್ಲಿ ಕೆಲಸ ಮಾಡುತ್ತಿದ್ದೇನೆ’ ಎಂಬ ಕನ್ನಡ ವಾಕ್ಯದಲ್ಲಿ ಕ್ರಿಯಾಪದ ವರ್ತಮಾನದಲ್ಲಿದೆ. ಹಿಂದಿನಿಂದ ಇಂದಿನವರೆಗೆ ಎಂಬ ಅರ್ಥವನ್ನು ‘ಇಂದ’ ಒಂದೇ ಹೊರುತ್ತದೆ. ಇಂಗ್ಲಿಷಿನಲ್ಲಿ ಆ ಅರ್ಥವನ್ನು ಕ್ರಿಯಾಪದವೂ ಹೊರಬೇಕು, ಆದ್ದರಿಂದ ‘ಐ ಹ್ಯಾವ್ ವರ್ಕ್ಡ್’ ಅಥವಾ ‘ಐ ಹ್ಯಾವ್ ಬೀನ್ ವರ್ಕಿಂಗ್’. ಸಂದರ್ಶನಕ್ಕೆ ಹೋಗುವ ಪ್ರತಿಯೊಬ್ಬರೂ ಮೊದಲ ನಿಮಿಷದಲ್ಲಿಯೇ ಆಡಬೇಕಾದ ವಾಕ್ಯ ಇದು. ‘ಸಿನ್ಸ್’ ನಂತರ ಒಂದು ಘಟನೆ ಬಂದರೆ ಆ ಭಾಗ ಮಾತ್ರ ಸಿಂಪಲ್ ಪಾಸ್ಟ್‌ನಲ್ಲಿರುತ್ತದೆ ಎಂಬ ಸೂಕ್ಷ್ಮವನ್ನೂ ಬಿಡಲಿಲ್ಲ: ‘ಐ ಹ್ಯಾವ್ ನಾಟ್ ಮೆಟ್ ಹಿಮ್ ಸಿನ್ಸ್ ಹೀ ವೆಂಟ್ ಟು ಪುಣೆ’.

ಇಲ್ಲಿ ನನ್ನ ಕೆಲಸದ ಬಗ್ಗೆ ಎರಡು ಮಾತು ಹೇಳಬೇಕು, ಏಕೆಂದರೆ ಈ ಪಾಠದ ಬೆಲೆ ನನಗೆ ಗೊತ್ತಾದದ್ದು ಅಲ್ಲಿ. ನಾನು ಒಣದ್ರಾಕ್ಷಿ ವ್ಯಾಪಾರದ ಒಂದು ಕಚೇರಿಯಲ್ಲಿ ಪತ್ರವ್ಯವಹಾರ ನೋಡಿಕೊಳ್ಳುತ್ತೇನೆ. ಹೊರರಾಜ್ಯದ ಖರೀದಿದಾರರಿಗೆ ದಿನವೂ ಇಂಗ್ಲಿಷಿನಲ್ಲಿ ಮೇಲ್ ಹೋಗುತ್ತದೆ. ‘ದಿ ಪ್ರೈಸ್ ವೆಂಟ್ ಅಪ್’ ಎಂದು ಬರೆದರೆ ದರ ಏರಿತು ಎಂಬುದಷ್ಟೇ ತಿಳಿಯುತ್ತದೆ, ಆಮೇಲೆ ಇಳಿದಿರಲೂಬಹುದು. ‘ದಿ ಪ್ರೈಸ್ ಹ್ಯಾಸ್ ಗಾನ್ ಅಪ್’ ಎಂದರೆ ಏರಿದ ದರವೇ ಈಗಲೂ ಇದೆ ಎಂದು ಓದುವವರು ಗ್ರಹಿಸುತ್ತಾರೆ. ವ್ಯಾಪಾರದಲ್ಲಿ ಈ ಎರಡರ ನಡುವೆ ಇರುವ ಅಂತರ ಸಣ್ಣದಲ್ಲ. ಹಣ ಬಾರದಿದ್ದಾಗ ಬರೆಯುವ ಪತ್ರವೂ ಹಾಗೆಯೇ: ‘ವಿ ಹ್ಯಾವ್ ನಾಟ್ ರಿಸೀವ್ಡ್ ದಿ ಪೇಮೆಂಟ್ ಯೆಟ್’ ಎಂಬ ವಾಕ್ಯ, ಇನ್ನೂ ಬರಬಹುದು ಎಂಬ ನಿರೀಕ್ಷೆಯನ್ನು ಉಳಿಸಿಕೊಂಡೇ ನೆನಪು ಮಾಡಿಕೊಡುತ್ತದೆ. ‘ವಿ ಡಿಡ್ ನಾಟ್ ರಿಸೀವ್’ ಎಂದು ಬರೆದಾಗ ಮುಗಿದುಹೋದ ವಿಷಯದ ಮೇಲೆ ದೂರು ಕೊಟ್ಟ ಹಾಗೆ ಕೇಳುತ್ತದೆ. ಮಾಲು ಕಳಿಸಿದ ಸುದ್ದಿಗೆ ‘ಯುವರ್ ಆರ್ಡರ್ ಹ್ಯಾಸ್ ಬೀನ್ ಡಿಸ್ಪ್ಯಾಚ್ಡ್’ ಎಂಬ ಕರ್ಮಣಿ ರೂಪ ಸಾಕು. ಯಾರು ಕಳಿಸಿದರು ಎಂಬುದು ಅಲ್ಲಿ ಮುಖ್ಯವಲ್ಲ. ಈ ಕರ್ಮಣಿ ಪ್ರಯೋಗವನ್ನು ತರಗತಿಯಲ್ಲಿ ಸರ್ಕಾರಿ ಪತ್ರಗಳ ಮಾದರಿಯ ಮೂಲಕ ಕಲಿಸಿದರು. ‘ಸಾಲ ಮಂಜೂರಾಗಿದೆ’, ‘ಅರ್ಜಿ ತಿರಸ್ಕೃತವಾಗಿದೆ’, ‘ಗಮನಕ್ಕೆ ಬಂದಿದೆ’ ಎಂಬ ನಮ್ಮ ಕಚೇರಿ ಕನ್ನಡಕ್ಕೂ ‘ಹ್ಯಾಸ್ ಬೀನ್ ಸ್ಯಾಂಕ್ಷನ್ಡ್’, ‘ಹ್ಯಾಸ್ ಬೀನ್ ರಿಜೆಕ್ಟೆಡ್’, ‘ಹ್ಯಾಸ್ ಕಮ್ ಟು ಅವರ್ ನೋಟಿಸ್’ ಎಂಬ ಇಂಗ್ಲಿಷಿಗೂ ನೇರ ಹೊಂದಾಣಿಕೆ ಇದೆ ಎಂಬುದನ್ನು ನಾನು ಅಲ್ಲಿಯವರೆಗೆ ಗಮನಿಸಿರಲಿಲ್ಲ.

ಪತ್ರಿಕೆಗಳ ಇಂಗ್ಲಿಷ್ ಕುರಿತ ಪಾಠವೂ ಚೆನ್ನಾಗಿತ್ತು. ಸುದ್ದಿ ಹೇಳುವವರು ಹೊಸ ಸಂಗತಿಯನ್ನು ಪ್ರೆಸೆಂಟ್ ಪರ್ಫೆಕ್ಟ್‌ನಲ್ಲಿ ತೆರೆದು, ವಿವರಕ್ಕೆ ಇಳಿದ ಕೂಡಲೇ ಸಿಂಪಲ್ ಪಾಸ್ಟ್‌ಗೆ ಹೊರಳುತ್ತಾರೆ. ಶಿಕ್ಷಕರು ಮಾಡಿಕೊಟ್ಟ ಉದಾಹರಣೆ ಹೀಗಿತ್ತು: ಆಲಮಟ್ಟಿ ಜಲಾಶಯ 519.60 ಮೀಟರಿನ ಪೂರ್ಣ ಮಟ್ಟ ತಲುಪಿದೆ ಎಂಬುದು ಮೊದಲ ವಾಕ್ಯ, ಅಲ್ಲಿ ‘ಹ್ಯಾಸ್ ರೀಚ್ಡ್’. ಅಧಿಕಾರಿಗಳು ಭಾನುವಾರ ಬೆಳಗ್ಗೆ ಗೇಟು ತೆರೆದರು ಎಂಬುದು ಎರಡನೆಯದು, ಅಲ್ಲಿ ‘ಓಪನ್ಡ್’. ಜಲಾಶಯ ತುಂಬಿರುವುದು ಈಗಿನ ಸ್ಥಿತಿ, ಗೇಟು ತೆರೆದದ್ದು ಭಾನುವಾರದ ಘಟನೆ. ಮಾತುಕತೆಯಲ್ಲಿಯೂ ಇದೇ ಹೊರಳು ಇದೆ ಎಂದು ತೋರಿಸಲು ಇಬ್ಬಿಬ್ಬರನ್ನು ಎದುರುಬದುರು ಕೂಡಿಸಿ, ಒಬ್ಬರು ‘ಹ್ಯಾವ್ ಯೂ ಎವರ್’ ಎಂದು ಕೇಳುವುದು, ಇನ್ನೊಬ್ಬರು ಹೌದು ಎಂದ ಕೂಡಲೇ ‘ವೆನ್ ಡಿಡ್ ಯೂ’ ಎಂದು ಮುಂದುವರಿಸುವುದು ಹೀಗೆ ಅಭ್ಯಾಸ ಮಾಡಿಸಿದರು. ಒಂದು ಕಾಲದಿಂದ ಇನ್ನೊಂದಕ್ಕೆ ಹೊರಳುವ ಜಾಗವನ್ನು ಬಾಯಿಗೆ ರೂಢಿ ಮಾಡಿಸುವ ಇಂಥ ಅಭ್ಯಾಸವನ್ನು ಇನ್ನೂ ಹೆಚ್ಚಾಗಿ ಮಾಡಿಸಬೇಕಿತ್ತು.

ಇನ್ನು ಕೊರತೆಗಳು. ಮೊದಲನೆಯದು, ಕ್ರಿಯಾಪದಗಳ ಮೂರನೆಯ ರೂಪವನ್ನು ಬಾಯಿಪಾಠ ಮಾಡಿಸುವ ಹೊಣೆಯನ್ನು ಪೂರ್ತಿಯಾಗಿ ವಿದ್ಯಾರ್ಥಿಗಳ ಮೇಲೆ ಬಿಟ್ಟಿದ್ದು. ಅರ್ಥದ ಮೇಲೆ ಇಷ್ಟು ಶ್ರಮ ಪಟ್ಟ ತರಗತಿಯಲ್ಲಿ ಕೊನೆಯ ವಾರದಲ್ಲಿಯೂ ‘ಹ್ಯಾಸ್ ವೆಂಟ್’, ‘ಹ್ಯಾವ್ ಸಾ’, ‘ಹ್ಯಾಸ್ ಕೇಮ್’ ಎಂದು ಕೇಳಿಬರುತ್ತಿತ್ತು. ‘ಗೋ, ವೆಂಟ್, ಗಾನ್’, ‘ಸೀ, ಸಾ, ಸೀನ್’, ‘ಕಮ್, ಕೇಮ್, ಕಮ್’ ಎಂದು ಮಗ್ಗಿಯ ಹಾಗೆ ದಿನವೂ ಹತ್ತು ನಿಮಿಷ ಒಕ್ಕೊರಲಿನಲ್ಲಿ ಹೇಳಿಸುವ ಹಳೆಯ ಪದ್ಧತಿಯನ್ನು ಕೈಬಿಡಬೇಕಾದ ಕಾರಣವೇ ಇರಲಿಲ್ಲ. ಸೂತ್ರವೊಂದೇ ಸಾಲದು ಎಂಬುದು ನಿಜ. ಸೂತ್ರವಿಲ್ಲದೆಯೂ ವಾಕ್ಯ ನಿಲ್ಲುವುದಿಲ್ಲ.

ಉಚ್ಚಾರಣೆಯ ಕಡೆಗೆ ಗಮನ ಬಹಳ ಕಡಿಮೆ, ಮತ್ತು ನನ್ನ ದೃಷ್ಟಿಯಲ್ಲಿ ಇದೇ ದೊಡ್ಡ ಲೋಪ. ಇಂಗ್ಲಿಷ್ ಆಡುಮಾತಿನಲ್ಲಿ ‘ಐ ಹ್ಯಾವ್’ ಎಂದು ಬಿಡಿಸಿ ಹೇಳುವುದು ಅಪರೂಪ. ‘ಐವ್’, ‘ವೀವ್’, ‘ಶೀಸ್’ ಎಂದು ಕೂಡಿಕೊಂಡು ಬರುತ್ತದೆ. ‘ಐವ್ ಫಿನಿಶ್ಡ್’ ಎಂಬುದರಲ್ಲಿ ಆ ‘ವ್’ ಮುಂದಿನ ವ್ಯಂಜನದಲ್ಲಿ ಮುಳುಗಿ ಕಿವಿಗೆ ಬೀಳುವುದೇ ಇಲ್ಲ. ಕೇಳಿಸದಿದ್ದ ಮೇಲೆ ಅದು ಅಲ್ಲಿ ಇಲ್ಲ ಎಂದೇ ನಮ್ಮವರು ತಿಳಿಯುತ್ತಾರೆ. ‘ಶೀಸ್ ಗಾನ್’ ಎಂಬಲ್ಲಿ ಆ ‘ಸ್’ ‘ಹ್ಯಾಸ್’ ಆಗಿರುತ್ತದೆ, ‘ಶೀಸ್ ಗೋಯಿಂಗ್’ ಎಂಬಲ್ಲಿ ‘ಈಸ್’. ಮುಂದಿನ ಪದದ ರೂಪ ನೋಡಿಯೇ ಇದನ್ನು ಗುರುತಿಸಬೇಕು. ಗ್ರಾಹಕರೊಂದಿಗೆ ಫೋನಿನಲ್ಲಿ ಮಾತಾಡಬೇಕಾದವರಿಗೆ ವ್ಯಾಕರಣದಷ್ಟೇ ಇದು ಬೇಕು. ತರಗತಿಯಲ್ಲಿ ಒಂದು ಸ್ಪೀಕರ್ ಇದ್ದರೂ ಅದನ್ನು ಬಳಸಿ ಯಾವ ಸಂಭಾಷಣೆಯನ್ನೂ ಕೇಳಿಸಲಿಲ್ಲ.

‘ಡಿಡ್ ಯೂ ಈಟ್ ಯೆಟ್’ ಎಂದು ಒಬ್ಬ ಹುಡುಗಿ ಕೇಳಿದಾಗ ಅದು ತಪ್ಪು ಎಂದು ಶಿಕ್ಷಕರು ಒಂದೇ ಮಾತಿನಲ್ಲಿ ತಳ್ಳಿಹಾಕಿದ್ದು ನನಗೆ ಸರಿ ಕಾಣಲಿಲ್ಲ. ‘ಜಸ್ಟ್’, ‘ಆಲ್‌ರೆಡಿ’, ‘ಯೆಟ್’ ಇವುಗಳೊಂದಿಗೆ ಬ್ರಿಟಿಷ್ ಇಂಗ್ಲಿಷ್ ಸಾಮಾನ್ಯವಾಗಿ ಪ್ರೆಸೆಂಟ್ ಪರ್ಫೆಕ್ಟ್ ಬಳಸುತ್ತದೆ, ಅಮೆರಿಕನ್ ಇಂಗ್ಲಿಷಿನಲ್ಲಿ ಸಿಂಪಲ್ ಪಾಸ್ಟ್ ಸಹ ಧಾರಾಳವಾಗಿ ಬರುತ್ತದೆ. ಮೊಬೈಲಿನಲ್ಲಿ ಅಮೆರಿಕದ ವಿಡಿಯೊ ನೋಡುವ ಇಂದಿನ ಮಕ್ಕಳು ಎರಡನ್ನೂ ಕೇಳುತ್ತಿದ್ದಾರೆ. ನಮ್ಮ ಪರೀಕ್ಷೆಗಳು ಬ್ರಿಟಿಷ್ ಪದ್ಧತಿಯನ್ನು ಅನುಸರಿಸುವುದರಿಂದ ಅಲ್ಲಿ ‘ಹ್ಯಾವ್ ಯೂ ಈಟನ್ ಯೆಟ್’ ಎಂದೇ ಬರೆಯಿರಿ ಎಂದಿದ್ದರೆ ಆ ಹುಡುಗಿಗೆ ನ್ಯಾಯವೂ ಆಗುತ್ತಿತ್ತು, ಪರೀಕ್ಷೆಗೆ ತೊಂದರೆಯೂ ಆಗುತ್ತಿರಲಿಲ್ಲ. ‘ಜಸ್ಟ್’ ಮತ್ತು ‘ಜಸ್ಟ್ ನೌ’ ನಡುವಿನ ಬೇಧವನ್ನೂ ಅದೇ ಹೊತ್ತಿನಲ್ಲಿ ಹೇಳಬಹುದಿತ್ತು: ‘ಹೀ ಹ್ಯಾಸ್ ಜಸ್ಟ್ ಕಮ್’ ಸರಿ, ಆದರೆ ಕ್ಷಣದ ಹಿಂದೆ ಎಂಬ ಅರ್ಥದಲ್ಲಿ ‘ಜಸ್ಟ್ ನೌ’ ಬಂದರೆ ‘ಹೀ ಕೇಮ್ ಜಸ್ಟ್ ನೌ’. ತಪ್ಪು ಹುಡುಕುವ ಪ್ರಶ್ನೆಗಳಿಗೆ ತಯಾರಾಗುವವರಿಗೆ ಇಂಥ ಜಾಗ ಗೊತ್ತಿರಬೇಕು.

ಪ್ರೆಸೆಂಟ್ ಪರ್ಫೆಕ್ಟ್ ಕಂಟಿನ್ಯೂಯಸ್ ಭಾಗವನ್ನು ಅವಸರದಲ್ಲಿ ಮುಗಿಸಿದರು. ‘ಐ ಹ್ಯಾವ್ ರೆಡ್ ದಿ ಬುಕ್’ ಎಂದರೆ ಪುಸ್ತಕ ಓದಿ ಮುಗಿದಿದೆ, ‘ಐ ಹ್ಯಾವ್ ಬೀನ್ ರೀಡಿಂಗ್ ದಿ ಬುಕ್’ ಎಂದರೆ ಓದು ನಡೆದಿದೆ, ಮುಗಿದಿರಬೇಕೆಂದಿಲ್ಲ ಎಂಬ ಒಂದು ಬೇಧ ಹೇಳಿ ಮುಂದೆ ಹೋದರು. ‘ನೋ’, ‘ಬಿಲೀವ್’, ‘ಓನ್’ ಮೊದಲಾದ ಸ್ಥಿತಿಸೂಚಕ ಕ್ರಿಯಾಪದಗಳು ಸಾಮಾನ್ಯವಾಗಿ ‘ಇಂಗ್’ ರೂಪ ತಾಳುವುದಿಲ್ಲ, ಆದ್ದರಿಂದ ‘ಐ ಹ್ಯಾವ್ ಬೀನ್ ನೋಯಿಂಗ್’ ಎಂದು ಹೇಳಬಾರದು ಎಂಬುದು ಬರಲೇ ಇಲ್ಲ.

ಕೈಪಿಡಿಯ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಝೆರಾಕ್ಸ್ ಮಾಡಿ ಸ್ಪೈರಲ್ ಬೈಂಡ್ ಹಾಕಿದ ಪುಸ್ತಿಕೆ. ಅಭ್ಯಾಸದ ವಾಕ್ಯಗಳು ಒಳ್ಳೆಯವು, ಆದರೆ ಉತ್ತರಗಳ ಪುಟದಲ್ಲಿ ಅಲ್ಲಲ್ಲಿ ಕ್ರಮಸಂಖ್ಯೆ ತಪ್ಪಿದೆ, ಕೆಲವು ಪುಟಗಳಲ್ಲಿ ಅಕ್ಷರ ಮಸುಕು. ಒಂದೊಂದು ವಾಕ್ಯಕ್ಕೆ ಎರಡು ಉತ್ತರ ಸಾಧ್ಯವಿರುವ ಕಡೆ ಒಂದನ್ನೇ ಕೊಟ್ಟಿದ್ದಾರೆ. ಉದಾಹರಣೆಗೆ ‘ದಿಸ್ ಮಾರ್ನಿಂಗ್’ ಇರುವ ವಾಕ್ಯ: ಮಾತಾಡುವ ಹೊತ್ತು ಇನ್ನೂ ಬೆಳಗ್ಗೆಯೇ ಆಗಿದ್ದರೆ ‘ಐ ಹ್ಯಾವ್ ಹ್ಯಾಡ್ ಟೀ ಟ್ವೈಸ್ ದಿಸ್ ಮಾರ್ನಿಂಗ್’ ಸರಿ, ಮಧ್ಯಾಹ್ನದ ಮೇಲೆ ಹೇಳುವುದಾದರೆ ‘ಐ ಹ್ಯಾಡ್’. ಪುಸ್ತಿಕೆಯಲ್ಲಿ ಹೊತ್ತು ಯಾವುದು ಎಂದು ಹೇಳದೆ ಮೊದಲನೆಯದನ್ನು ಮಾತ್ರ ಉತ್ತರವೆಂದು ಅಚ್ಚುಮಾಡಿದ್ದಾರೆ. ಶಿಕ್ಷಕರನ್ನು ಕೇಳಿದಾಗ ಅವರು ಒಪ್ಪಿಕೊಂಡು ಇಡೀ ತರಗತಿಗೆ ತಿದ್ದಿಸಿದರು.

ಬ್ಯಾಚು ದೊಡ್ಡದು. ಬೆಂಚುಗಳು ತುಂಬಿ, ತಡವಾಗಿ ಬಂದವರು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಬಾಗಿಲ ಬಳಿ ಕೂಡುತ್ತಾರೆ. ಬೋರ್ಡಿನ ಮೇಲಿನ ಗೆರೆಯ ಪಾಠಕ್ಕೆ ಇದರಿಂದ ತೊಂದರೆಯಾಗಲಿಲ್ಲ, ಆದರೆ ಬರೆದ ವಾಕ್ಯಗಳನ್ನು ತಿದ್ದಿಸಿಕೊಳ್ಳುವಾಗ ಎಲ್ಲರ ಸರದಿ ಬರುವುದಿಲ್ಲ. ಮುಂದಿನ ಸಾಲಿನಲ್ಲಿ ಕೂತವರಿಗೆ ಸಿಗುವ ಲಾಭ ಹಿಂದಿನವರಿಗೆ ಇಲ್ಲ. ಹೆಣ್ಣುಮಕ್ಕಳು ಮಾತಾಡಲು ಹಿಂಜರಿಯುತ್ತಾರೆ ಎಂದು ಅವರಿಗೆ ಮೊದಲು ಅವಕಾಶ ಕೊಡುವುದು ಈ ತರಗತಿಯ ಒಳ್ಳೆಯ ರೂಢಿ. ಸಂಜೆ ಬಸ್ಸು ಹಿಡಿಯಬೇಕಾದ ಹಳ್ಳಿಯ ವಿದ್ಯಾರ್ಥಿಗಳಿಗೆ ಹದಿನೈದು ನಿಮಿಷ ಮೊದಲೇ ಹೊರಡಲು ಬಿಡುತ್ತಾರೆ. ಬಿಟ್ಟುಹೋದ ಭಾಗವನ್ನು ಮರುದಿನ ಕೇಳಿದರೆ ಬೇಸರವಿಲ್ಲದೆ ಹೇಳುತ್ತಾರೆ.

ಶುಲ್ಕ ಎರಡು ತಿಂಗಳಿಗೆ 2,500 ರೂಪಾಯಿ, ಪುಸ್ತಿಕೆಗೆ ಬೇರೆ 120. ಹನ್ನೆರಡು ಕಾಲಗಳ ಪೂರ್ಣ ಪಾಠಕ್ಕೆ ಇದು ಹೆಚ್ಚಲ್ಲ. ಯಾರು ಸೇರಬೇಕು ಎಂದು ಕೇಳಿದರೆ ನನ್ನ ಉತ್ತರ ಸ್ಪಷ್ಟ. ಪಿ.ಯು. ಅಥವಾ ಡಿಗ್ರಿ ಮುಗಿಸಿ, ಸೂತ್ರಗಳನ್ನೆಲ್ಲ ಓದಿ, ಆದರೂ ‘ಹ್ಯಾವ್’ ಎಲ್ಲಿ ಹಾಕಬೇಕು ಎಂದು ಅನುಮಾನ ಉಳಿದಿರುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ಈ ಊರಿನಲ್ಲಿ ನಾನು ಕಂಡಿಲ್ಲ. ಕಚೇರಿ, ಬ್ಯಾಂಕು, ಅಂಗಡಿಗಳಲ್ಲಿ ಇಂಗ್ಲಿಷಿನಲ್ಲಿ ಬರೆಯಬೇಕಾದವರೂ ಹೋಗಬಹುದು. ಕ್ರಿಯಾಪದದ ರೂಪಗಳೇ ಬಾರದವರು ಮೊದಲು ಆ ಪಟ್ಟಿಯನ್ನು ಮನೆಯಲ್ಲಿ ಗಟ್ಟಿ ಮಾಡಿಕೊಂಡು ಸೇರಲಿ, ಇಲ್ಲವಾದರೆ ಎರಡನೆಯ ವಾರದಿಂದ ಹಿಂದೆ ಬೀಳುತ್ತಾರೆ. ಇನ್ನೊಂದೇ ತಿಂಗಳಲ್ಲಿ ಪರೀಕ್ಷೆ ಇರುವವರು ಹಳೆಯ ಪ್ರಶ್ನೆಪತ್ರಿಕೆಗಳನ್ನು ಬಿಡಿಸುವ ಬೇರೆ ತರಗತಿ ನೋಡಿಕೊಳ್ಳುವುದು ಮೇಲು, ಏಕೆಂದರೆ ಇಲ್ಲಿ ಆ ವೇಗದ ಅಭ್ಯಾಸ ಇಲ್ಲ.

ಹೊಸ ಬ್ಯಾಚು ಆರಂಭವಾಗುವ ವಾರದಲ್ಲಿ ಒಂದು ದಿನ ಉಚಿತವಾಗಿ ಕೂಡಲು ಬಿಡುತ್ತಾರೆ. ಆದರೆ ಆ ದಿನ ಸಿಂಪಲ್ ಪ್ರೆಸೆಂಟ್ ಪಾಠ ನಡೆಯುವುದರಿಂದ ತರಗತಿಯ ನಿಜವಾದ ಗುಣ ತಿಳಿಯುವುದಿಲ್ಲ. ಸಾಧ್ಯವಿದ್ದರೆ ಈಗ ನಡೆಯುತ್ತಿರುವ ಬ್ಯಾಚಿನಲ್ಲಿ ಪ್ರೆಸೆಂಟ್ ಪರ್ಫೆಕ್ಟ್ ಯಾವಾಗ ಎಂದು ವಿಚಾರಿಸಿ, ಆ ಸಂಜೆ ಹೋಗಿ ಕೂಡಲು ಅನುಮತಿ ಕೇಳಿ. ಕೇಳಿದವರಿಗೆ ಶಿಕ್ಷಕರು ಇಲ್ಲ ಎಂದದ್ದನ್ನು ನಾನು ನೋಡಿಲ್ಲ.